ಕೇಳುವ ಮೊದಲೇ ‘ಬಂದ್ ಮಾಡು’ ಅನ್ನುವವರಿಗೆ

ನನ್ನ ತಂಗಿಯ ಮಗನಿಗೆ ಗಿಟಾರಿನ ಹುಚ್ಚು. ಅವನ ಬಾಪನಿಗೆ, ಅಂದರೆ ನನ್ನ ಭಾವನಿಗೆ, ಅಡಿಕೆ ವ್ಯಾಪಾರ. ಮಗ ಅಂಗಡಿಯಲ್ಲಿ ಕೂರುವುದಿಲ್ಲ, ಮೂರು ಹೊತ್ತೂ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡಿರುತ್ತಾನೆ ಎಂದು ಭಾವನ ದೂರು. ಹಾಗಾಗಿ ಕಳೆದ ಸೀಸನ್‌ನಲ್ಲಿ ನಾನು ಬಿ.ಸಿ.ರೋಡಿನ ನನ್ನ ರೆಡಿಮೇಡ್ ಅಂಗಡಿಗೆ ಜೀನ್ಸ್ ಪ್ಯಾಂಟ್ ತರಲು ರಾಯದುರ್ಗಕ್ಕೆ ಹೊರಟಾಗ, “ಇವನನ್ನೂ ಕರಕೊಂಡು ಹೋಗು, ದಾರಿಯಲ್ಲಿ ಮಡಕಶಿರಾ ಕಡೆ ಕೆಂಪಡಿಕೆಯ ಸ್ಯಾಂಪಲ್ ನೋಡಿ ಬರಲಿ, ಸ್ವಲ್ಪ ಲೋಕ ನೋಡಲಿ” ಅಂತ ಗಂಟು ಹಾಕಿದ.

ಶಿರಾಡಿ ಘಾಟಿ ಹತ್ತುವವರೆಗೆ ಹುಡುಗ ಸುಮ್ಮನಿದ್ದ. ಸಕಲೇಶಪುರ ದಾಟಿದ ಮೇಲೆ ಕಾರಿನ ಸ್ಪೀಕರಿಗೆ ತನ್ನ ಮೊಬೈಲ್ ಜೋಡಿಸಿ ಒಂದು ಹಾಡು ಹಾಕಿದ. ಶಿಶುನಾಳ ಶರೀಫರ ‘ಗುಡುಗುಡಿಯ ಸೇದಿ ನೋಡೋ’. ಆದರೆ ನಾನು ಬಲ್ಲ ಹಾಡು ಅದಾಗಿರಲಿಲ್ಲ. ಇಲೆಕ್ಟ್ರಿಕ್ ಗಿಟಾರು, ಡ್ರಮ್ಮು, ನಡುನಡುವೆ ಪಿಟೀಲು, ಹಾಡುವವನ ಗಂಟಲೋ ಊರಿಗೆ ಊರನ್ನೇ ಎಬ್ಬಿಸುವಂಥದ್ದು. ರಘು ದೀಕ್ಷಿತ್ ಹಾಡಿದ್ದು, 2008ರಲ್ಲಿ ಬಂದ ಆಲ್ಬಮ್ಮಿನಲ್ಲಿ ಉಂಟು. ನನ್ನ ಮಟ್ಟಿಗೆ ಅದೇ ಮೊದಲು. ಅರ್ಧ ನಿಮಿಷ ಆಗಿರಲಿಕ್ಕಿಲ್ಲ, “ಬಂದ್ ಮಾಡು ಮಾರಾಯ, ಶರೀಫಜ್ಜನನ್ನು ಹಾಳು ಮಾಡಿಟ್ಟಿದ್ದಾನೆ” ಅಂದೆ. ಅವನು ಬಂದ್ ಮಾಡಿದ. ಮುಖ ಮಾತ್ರ ಊದಿತು.

ಹಾಸನದ ಹತ್ತಿರ ಚಾ ಕುಡಿಯುವಾಗ ಕೇಳಿದ, “ಮಾಮ, ಹಾಳಾದದ್ದು ಅಂದರೆ ಎಂತ? ಹಾಳಾಗುವ ಮೊದಲು ಹೇಗಿತ್ತು?”

“ಅಶ್ವತ್ಥ್ ಹಾಡಿದ ಹಾಗೆ.”

“ಅಶ್ವತ್ಥ್ ಹಾಡುವ ಮೊದಲು?”

ನನ್ನ ಬಾಯಿ ಕಟ್ಟಿತು. ಈ ಬರಹ ಹುಟ್ಟಿದ್ದು ಆ ಪ್ರಶ್ನೆಯಿಂದ.

ನೀವೇ ಲೆಕ್ಕ ಹಾಕಿ. ಶರೀಫರು ಹುಟ್ಟಿದ್ದು 1819ರಲ್ಲಿ, ತೀರಿಕೊಂಡದ್ದು 1889ರಲ್ಲಿ. ಅವರ ಧ್ವನಿ ಯಾವ ತಟ್ಟೆಯಲ್ಲೂ ಇಲ್ಲ, ಯಾವ ಟೇಪಿನಲ್ಲೂ ಇಲ್ಲ. ಹಾಡುಗಳು ಭಜನೆಯವರ ಬಾಯಲ್ಲಿ, ತತ್ವಪದದವರ ಬಾಯಲ್ಲಿ ಊರಿಗೊಂದು ಮಟ್ಟು ಹಿಡಿದು ಉಳಿದವು. ನಮ್ಮ ತಲೆಮಾರಿನವರು ‘ಒರಿಜಿನಲ್’ ಅಂತ ಎದೆಗೆ ಹಚ್ಚಿಕೊಂಡಿರುವ ಧಾಟಿ ಕ್ಯಾಸೆಟ್ ಕಾಲದಲ್ಲಿ ಸಿ. ಅಶ್ವತ್ಥ್ ಕೂರಿಸಿದ್ದು. 1990ರಲ್ಲಿ ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಸಿನಿಮಾ ಬಂದ ಮೇಲಂತೂ ಅದೇ ಗಟ್ಟಿಯಾಯಿತು. ಅಶ್ವತ್ಥ್ ಕೂಡ ಏಕತಾರಿ ಹಿಡಿದು ಜಗಲಿಯಲ್ಲಿ ಕೂತು ಹಾಡಿದವರಲ್ಲ, ವಾದ್ಯವೃಂದ ಇಟ್ಟುಕೊಂಡು ಹಾಡಿದವರು. ಶರೀಫರ ಊರಿನ ಹಳೆಯ ಭಜನೆಯವರಿಗೆ ಮೊದಲ ಸಲ ಅದೂ ವಿಚಿತ್ರ ಅನಿಸಿರಬಹುದಲ್ಲ? ನಾನು ಕಾಪಾಡಲು ಹೊರಟದ್ದು ಶರೀಫರನ್ನಲ್ಲ, ಮಂಗಳೂರು ಆಕಾಶವಾಣಿ ಕೇಳುತ್ತಿದ್ದ ನನ್ನ ಬಾಲ್ಯವನ್ನು.

ಸಿರಾದಿಂದ ಒಳಕ್ಕೆ ತಿರುಗಿ ಅಗಳಿ ಕಡೆಗೆ ಹೋದೆವು. ಮಡಕಶಿರಾ ತಾಲೂಕು ಆಂಧ್ರ. 2022ರಲ್ಲಿ ಹೊಸದಾದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ಮಾತಿನಲ್ಲಿ ಮಾತ್ರ ಇನ್ನೂ ಅನಂತಪುರ. ಬಸ್ಸಿನ ಬೋರ್ಡು ತೆಲುಗು, ಕಚೇರಿ ತೆಲುಗು, ಅಗಳಿ, ರೊಳ್ಳ, ಅಮರಾಪುರದ ಮನೆಮಾತು ಕನ್ನಡ. ಕನ್ನಡ ಶಾಲೆಗಳೂ ಉಂಟು. ಅಡಿಕೆ ತೋಟ ನೋಡಿದರೆ ಊರಿನ ನೆನಪಾಗುತ್ತದೆ. ಆದರೆ ನಮ್ಮ ಹಾಗೆ ಹಣ್ಣಡಿಕೆ ಒಣಗಿಸಿ ಚಾಲಿ ಮಾಡುವವರಲ್ಲ ಅವರು, ಹಸಿಕಾಯಿ ಸುಲಿದು ಬೇಯಿಸುತ್ತಾರೆ.

ನಾವು ಹೋದ ಮನೆಯ ಅಂಗಳದಲ್ಲಿ ಏಳೆಂಟು ಹೆಂಗಸರು ಅಡಿಕೆ ಸುಲಿಯುತ್ತಿದ್ದರು. ಯಜಮಾನರಿಗೆ ಎಪ್ಪತ್ತು ದಾಟಿರಬಹುದು. ಸ್ಯಾಂಪಲ್ ನೋಡಿ ಆಯಿತು, ದರದ ಮಾತಾಯಿತು. ಆಮೇಲೆ ಈ ಹುಡುಗ ನನ್ನ ಮೇಲಿನ ಸಿಟ್ಟಿಗೋ ಏನೋ, ಅವರ ಹತ್ತಿರ “ಅಜ್ಜಾ, ಒಂದು ಹಾಡು ಕೇಳ್ತೀರಾ” ಅಂದ. ನನಗೆ ನಾಚಿಕೆ. ಮುದುಕರು ಮಾತ್ರ ಮೊಬೈಲನ್ನು ಕಿವಿಯ ಹತ್ತಿರ ಹಿಡಿದು, ಕಣ್ಣು ಮುಚ್ಚಿ, ಕೊನೆಯವರೆಗೆ ಕೇಳಿದರು. ನಾನು ಅರ್ಧ ನಿಮಿಷ ಕೊಡದ ಹಾಡಿಗೆ ಅವರು ಪೂರ್ತಿ ಹೊತ್ತು ಕೊಟ್ಟರು.

“ಇದು ಶರೀಫ್ ಸಾಬ್ರುದಲ್ವಾ? ನಮ್ ಭಜನೆ ಮನೇಲಿ ಹೇಳ್ತೀವಿ. ಇವನ್ಗೆ ಯಾಕೆ ಇಷ್ಟು ಅವಸರ? ಹಿಂದೆ ಯಾರಾನ ಅಟ್ಟಿಸ್ಕೊಂಡು ಬತ್ತಾವ್ರಾ?”

ಹೆಂಗಸರು ನಕ್ಕರು. ಒಬ್ಬಾಕೆ, “ಚೆನ್ನಾಗೈತೆ ಬಿಡಣ್ಣ, ನಿದ್ದೆ ಬರಾಕಿಲ್ಲ, ಕೆಲ್ಸ ಆಯ್ತದೆ” ಅಂದಳು. ಇನ್ನೊಬ್ಬಾಕೆಗೆ ಗುಡುಗುಡಿ ಅಂದ ಕೂಡಲೇ ಚಿಲುಮೆ ಸೇದುತ್ತಿದ್ದ ತನ್ನ ತಾತ ನೆನಪಾದ. ಕರಾವಳಿಯ ನನ್ನ ಅಳಿಯನಿಗೆ ಗುಡುಗುಡಿ ಎಂದರೆ ಹುಕ್ಕಾ ಅಂತಲೇ ಗೊತ್ತಿರಲಿಲ್ಲ. ಏನೋ ಗುಡುಗಿನ ಶಬ್ದ ಅಂತ ತಿಳಿದಿದ್ದನಂತೆ! ಅಷ್ಟು ದಿನ ಅರ್ಥವಿಲ್ಲದೆ ಕೇಳುತ್ತಿದ್ದವನಿಗೆ ಅಡಿಕೆ ಸುಲಿಯುವ ಹೆಂಗಸು ಅರ್ಥ ಹೇಳಿಕೊಟ್ಟಳು. ಬೆಂಕಿ, ಚಿಲುಮೆ ಎಲ್ಲವನ್ನೂ ಮನಸ್ಸಿನ ಸಂಗತಿ ಮಾಡಿಬಿಟ್ಟ ಹಾಡು ಅದು ಎಂದು ಯಜಮಾನರು ಬಿಡಿಸಿ ಹೇಳಿದರು.

ಆಮೇಲೆ ಅವರು “ಹೆಂಗೆ ಹೇಳ್ಬೇಕು ಅಂತ ತೋರಿಸ್ತೀನಿ” ಅಂತ ಒಳಗಿನಿಂದ ದಮ್ಮಡಿ ತರಿಸಿ, ನಿಧಾನಕ್ಕೆ ಹಾಡಿದರು. ಅಶ್ವತ್ಥ್ ಧಾಟಿಯಲ್ಲ ಅದು. ರಘು ದೀಕ್ಷಿತ್ ಧಾಟಿಯಂತೂ ಅಲ್ಲವೇ ಅಲ್ಲ. ಮೂರನೆಯದೇ ಒಂದು. ಹುಡುಗ ರೆಕಾರ್ಡ್ ಮಾಡಿಕೊಂಡ. ಕಾರು ಹತ್ತುವಾಗ “ಮಾಮ, ಆ ದಮ್ಮಡಿ ನಮ್ಮ ದಫ್‌ನ ಹಾಗೇ ಉಂಟು” ಅಂದ. ಅದು ನನಗೆ ಹೊಳೆದೇ ಇರಲಿಲ್ಲ.

ಪಾವಗಡ, ಕಲ್ಯಾಣದುರ್ಗದ ಮೇಲೆ ರಾಯದುರ್ಗ ಮುಟ್ಟುವಾಗ ರಾತ್ರಿ. ಈ ಊರಿನ ಕಥೆ ಬೇರೆ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಆದಾಗ ಬಳ್ಳಾರಿ ಜಿಲ್ಲೆಯ ಹೆಚ್ಚಿನ ತಾಲೂಕುಗಳು ಮೈಸೂರಿಗೆ ಬಂದವು. ಆದೋನಿ, ಆಲೂರು, ರಾಯದುರ್ಗ ಅತ್ತ ಉಳಿದವು. ಮರುದಿನ ಬೆಳಿಗ್ಗೆ ನಾನು ಮಾಲು ತೆಗೆಯುವ ಹೊಲಿಗೆ ಶೆಡ್ಡಿಗೆ ಹೋದೆವು. ಸಾಲಾಗಿ ಮಿಷಿನ್‌ಗಳು, ಗಾಳಿಯಲ್ಲಿ ನೀಲಿ ನೂಲಿನ ಧೂಳು, ಮೂಲೆಯ ಸ್ಪೀಕರಿನಲ್ಲಿ ದಿನವಿಡೀ ತೆಲುಗು ಸಿನಿಮಾ ಹಾಡು. ನಾನು ಲೆಕ್ಕದಲ್ಲಿರುವಾಗ ಇವನು ಅಲ್ಲಿನ ಹುಡುಗರ ಜೊತೆ ಸೇರಿ ಸ್ಪೀಕರಿಗೆ ತನ್ನ ಮೊಬೈಲ್ ಜೋಡಿಸಿಬಿಟ್ಟಿದ್ದ.

ಮೊದಲು ಯಾರೋ ಸಿಳ್ಳೆ ಹಾಕಿದರು. ಇನ್ನೊಬ್ಬ “ಯಾವ್ದಪ್ಪಾ ಇದು, ತಲಿ ಚಿಟ್ಟ್ ಹಿಡಿತೈತಿ” ಅಂದ. ಮೇಸ್ತ್ರಿ ಬಂದು “ತೆಗಿ ಅದನ್ನ, ಹೊಲಿಗಿ ತಪ್ತೈತಿ” ಎಂದು ಗದರಿದರು. ಯಾರೂ ತೆಗೆಯಲಿಲ್ಲ. ಗುಂಡಿ ಹಾಕುವ ಒಬ್ಬ ಸಾಬರು ಮಾತ್ರ ಕೆಲಸ ನಿಲ್ಲಿಸಿ, ಬರೆದವರು ಯಾರು ಎಂದು ಕೇಳಿದರು. ಶಿಶುನಾಳದ ಶರೀಫ್ ಸಾಹೇಬರು, ಗೋವಿಂದ ಭಟ್ಟರು ಅವರ ಗುರುಗಳು, ಇವತ್ತಿಗೂ ಅವರ ಗದ್ದುಗೆಗೆ ಎರಡೂ ಕಡೆಯವರು ಹೋಗುತ್ತಾರೆ ಎಂದೆ. “ನಮ್ಮೋರಾ?” ಎಂದು ಎರಡು ಸಲ ಕೇಳಿದರು. ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ, ಅಂಗಡಿಯಲ್ಲಿ ತೆಲುಗು ಆಡುವ ಮನುಷ್ಯ. ಇಷ್ಟು ಹತ್ತಿರದ ಸಂಗತಿ ಇಷ್ಟು ವರ್ಷ ಕಿವಿಗೆ ಬಿದ್ದಿರಲಿಲ್ಲ.

ನನ್ನ ಮನಸ್ಸಿನಲ್ಲಿ ಉಳಿದದ್ದು ಇನ್ನೊಬ್ಬ ಹುಡುಗನ ಮಾತು. ಹದಿನೆಂಟು ಹತ್ತೊಂಬತ್ತು ಇರಬಹುದು. ಮನೆಯಲ್ಲಿ ಕನ್ನಡ, ಓದಿದ್ದು ತೆಲುಗು. “ಭಾಯ್, ನಮ್ ಭಾಷಿಯೊಳಗ ಇಂಥಾವೂ ಅದಾವಾ?” ಎಂದ. ಕನ್ನಡ ಅಂದರೆ ಅವನಿಗೆ ಅವ್ವನ ಬೈಗುಳ, ಹಬ್ಬದ ದಿನದ ಮಾತು, ಸಂತೆ. ಅದರಲ್ಲಿ ಗಿಟಾರು ಬಾರಿಸಬಹುದು, ಅದನ್ನು ಇಂಗ್ಲೆಂಡಿನ ಟೀವಿಯಲ್ಲೂ ಹಾಡಬಹುದು ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ರಘು ದೀಕ್ಷಿತ್ ತಂಡ 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ, ಮರುವರ್ಷ ಗ್ಲಾಸ್ಟನ್‌ಬರಿಯಲ್ಲಿ ಹಾಡಿದ ವಿಷಯವನ್ನು ನನ್ನ ಅಳಿಯ ಹೇಳಿದಾಗ, ಅದೂ ಬಣ್ಣದ ಲುಂಗಿ ಉಟ್ಟು ಕಾಲಿಗೆ ಗೆಜ್ಜೆ ಕಟ್ಟಿ ಹಾಡುವವರು ಎಂದು ಫೋಟೋ ತೋರಿಸಿದಾಗ, ಆ ಹುಡುಗ ಮಿಷಿನ್ ಬಿಟ್ಟು ಎದ್ದು ಬಂದ. (ಲುಂಗಿಯ ವಿಷಯದಲ್ಲಿ ನಾವು ಬ್ಯಾರಿಗಳೂ ಸ್ವಲ್ಪ ಹೆಮ್ಮೆಪಡಬಹುದು ಅಂತ ನನಗನ್ನಿಸಿತು.)

ಆ ಹುಡುಗನ ಪ್ರಶ್ನೆ ನಮ್ಮ ಮಕ್ಕಳದ್ದೂ ಅಲ್ಲವಾ? ಶಾಲೆಯಲ್ಲಿ ಇಂಗ್ಲಿಷು, ಬಸ್ಸಿನಲ್ಲಿ ತುಳು, ಅರ್ಜಿ ಬರೆಯಲು ಕನ್ನಡ, ಬ್ಯಾರಿ ಇರುವುದು ಅಡಿಗೆಮನೆಯಲ್ಲಿ. 2009ರಲ್ಲಿ ನಮ್ಮ ಭಾಷೆಗೊಂದು ಅಕಾಡೆಮಿ ಆಯಿತು, 2011ರ ‘ಬ್ಯಾರಿ’ ಸಿನಿಮಾಕ್ಕೆ ರಾಷ್ಟ್ರಪ್ರಶಸ್ತಿಯೂ ಬಂತು. ಸಂತೋಷವೇ. ಆದರೆ ಹದಿನೆಂಟು ವರ್ಷದ ಹುಡುಗ ತನ್ನ ಮೊಬೈಲಿನಲ್ಲಿ ತಾನಾಗಿ ಹಾಕಿ ಕೇಳುವ ಬ್ಯಾರಿ ಹಾಡು ನಿಮ್ಮ ಮನೆಯಲ್ಲಿ ಎಷ್ಟುಂಟು?

ವಾದ್ಯದ ಮಸ್‌ಅಲ ಎತ್ತುವವರಿದ್ದಾರೆ, ಗೊತ್ತು. ನಾನು ಉಸ್ತಾದನಲ್ಲ, ಅದರ ಬಗ್ಗೆ ತೀರ್ಪು ಕೊಡುವ ಅರ್ಹತೆ ನನಗಿಲ್ಲ. ಬೇಡ ಎನ್ನುವ ಮನೆಯವರ ನಂಬಿಕೆಗೆ ನನ್ನ ಗೌರವ ಉಂಟು. ನನ್ನ ತಕರಾರು ಬೇರೆಯವರ ಮೇಲೆ. ಮದುವೆ ಹಾಲಿನಲ್ಲಿ ಹಿಂದಿ, ಮಲಯಾಳಂ ಹಾಡಿನ ಡಿಜೆ ಹಾಕಿದರೆ ಸುಮ್ಮನೆ ಬಿರಿಯಾನಿ ತಿಂದು ಎದ್ದು ಹೋಗುವವರು, ಬ್ಯಾರಿ ಹಾಡಿಗೆ ಗಿಟಾರ್ ಸೇರಿದ ಕೂಡಲೇ ‘ನಮ್ಮ ಸಂಸ್ಕೃತಿ ಕೆಟ್ಟಿತು’ ಅನ್ನುತ್ತಾರಲ್ಲ, ಅವರ ಮೇಲೆ. ಗಲ್ಫಿನಿಂದ ಬಂದ ನನ್ನ ಕಾಕ ಒಬ್ಬರು ನುಸ್ರತ್ ಫತೇ ಅಲಿ ಖಾನರ ಕ್ಯಾಸೆಟ್ಟಿಗೆ ತಲೆದೂಗುತ್ತಿದ್ದರು. ನುಸ್ರತ್ 1990ರ ‘ಮಸ್ತ್ ಮಸ್ತ್’ ಆಲ್ಬಮ್ಮನ್ನು ಕೆನಡಾದ ಗಿಟಾರಿನವನೊಬ್ಬನ ಜೊತೆ ಸೇರಿ ಮಾಡಿದ್ದರು. ಕಾಕ ಅದಕ್ಕೇನೂ ಅನ್ನಲಿಲ್ಲ, ಪರವೂರಿನದಲ್ಲವಾ. ಬಿಳಿಯರೂ ಇದರಲ್ಲಿ ನಮಗಿಂತ ಮೇಲಲ್ಲ. ಬಾಬ್ ಡಿಲನ್ ಇಲೆಕ್ಟ್ರಿಕ್ ಗಿಟಾರ್ ಹಿಡಿದದ್ದಕ್ಕೆ 1966ರಲ್ಲಿ ಮ್ಯಾಂಚೆಸ್ಟರಿನ ಸಭೆಯಲ್ಲಿ ಒಬ್ಬ ಎದ್ದು ‘ಜುದಾಸ್’ ಎಂದು ಕೂಗಿದನಂತೆ. ಪಾಪ, ಟಿಕೆಟ್ ಕೊಟ್ಟು ಒಳಗೆ ಬಂದಾದರೂ ಕೂಗಿದ್ದಾನೆ. ನಾನು ಕಾರಿನಲ್ಲಿ ಮಾಡಿದ್ದು ಅದಕ್ಕಿಂತ ಕಡೆ.

ವಿಚಿತ್ರ ಅನ್ನುವ ಮಾತಿಗೆ ಇನ್ನೊಂದು. ಶರೀಫರದೇ ‘ಕೋಡಗನ ಕೋಳಿ ನುಂಗಿತ್ತ’ ಉಂಟಲ್ಲ, ಕೋಳಿ ಕೋತಿಯನ್ನು ನುಂಗುವ ಹಾಡು. ಅದನ್ನು ನಾವು ಪ್ರೈಮರಿ ಶಾಲೆಯ ವಾರ್ಷಿಕೋತ್ಸವದಲ್ಲಿ ಹಾಡಿದ್ದೇವೆ. ಮಾತು ಎಷ್ಟು ತಲೆಕೆಳಗಾದರೂ ಅಡ್ಡಿಯಿಲ್ಲ, ಸದ್ದು ಮಾತ್ರ ನಮಗೆ ಅಭ್ಯಾಸವಾದದ್ದೇ ಬೇಕು.

ಹಾಗೆಂದು ಹೊಸತೆಲ್ಲ ಒಳ್ಳೆಯದು ಎಂದು ನಾನು ಒಪ್ಪುವುದಿಲ್ಲ. ಈಗ ಆ ಹಾಡನ್ನು ಪೂರ್ತಿ, ಹತ್ತಾರು ಸಲ ಕೇಳಿದ್ದೇನೆ. ಪಿಟೀಲು ನನಗೆ ಬಹಳ ಹಿಡಿಸಿತು. ಹಾಡಿನಲ್ಲಿ ಬರುವ ದಣಿವು, ಮುದುಕರ ಗಂಟಲಿನಲ್ಲಿ ಕೇಳಿದ ಆ ದಣಿವು, ರಾಕ್‌ನಲ್ಲಿ ಸಿಗಲಿಲ್ಲ. ಅಗಳಿಯ ಯಜಮಾನರ ‘ಅವಸರ ಯಾಕೆ’ ಸರಿಯಾದ ಪ್ರಶ್ನೆಯೇ. ಅವರು ಅದನ್ನು ಕೇಳಿದ್ದು ಹಾಡು ಮುಗಿದ ಮೇಲೆ.

ಊರಿಗೆ ಬಂದ ಮೇಲೆ ಹುಡುಗ ನನ್ನ ಉಮ್ಮನ ಹಿಂದೆ ಬಿದ್ದ. ಉಮ್ಮನಿಗೆ ಎಂಬತ್ತೆರಡು. ಒಂದು ಕಾಲದಲ್ಲಿ ನಮ್ಮ ಕಡೆಯ ಮದುವೆ ಮನೆಗಳಲ್ಲಿ ಒಪ್ಪನೆ ಪಾಟ್‌ಗೆ ಅವರನ್ನೇ ಕರೆಯುತ್ತಿದ್ದರು. ಮೊಬೈಲ್ ಎದುರು ಹಾಡುವುದಿಲ್ಲ ಎಂದು ಒಂದು ತಿಂಗಳು ಸತಾಯಿಸಿ, ಕೊನೆಗೆ ಒಂದು ಹಾಡಿಗೆ ಒಪ್ಪಿದರು. ಇವನು ಅದಕ್ಕೆ ದಫ್, ಗಿಟಾರ್, ಅಗಳಿಯ ಆ ದಮ್ಮಡಿಯ ಪೆಟ್ಟು ಎಲ್ಲ ಸೇರಿಸಿ ಏನೋ ಮಾಡಿದ. ಸಂಬಂಧಿಕರ ಮೈಲಾಂಜಿಯ ರಾತ್ರಿ ಹಾಕಿದಾಗ ಹಿರಿಯರೊಬ್ಬರು ಕುರ್ಚಿ ಎಳೆದು ಎದ್ದುಹೋದರು. ಹೆಣ್ಣುಮಕ್ಕಳು ಮತ್ತೆ ಹಾಕು ಅಂದರು. ಭಾವ ನನ್ನ ಕಡೆ ನೋಡಿ “ಲೋಕ ನೋಡಲಿ ಅಂತ ಕಳಿಸಿದ್ದಕ್ಕೆ ಇದಾ?” ಅಂದ.

ಉಮ್ಮ ಆ ದಿನ ಏನೂ ಹೇಳಲಿಲ್ಲ. ಮರುದಿನ ಬೆಳಿಗ್ಗೆ ಅವನನ್ನು ಕರೆದು ಇನ್ನೊಮ್ಮೆ ಹಾಕಿಸಿದರು. ಅವರು ಬ್ಯಾರಿಯಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತೇನೆ: “ಎರಡನೇ ಸಾಲಿನ ನಡುವೆ ನಿನ್ನ ಗಿಟಾರು ಬಂದು ಬೀಳುತ್ತದೆ. ಅದು ನಾನು ಉಸಿರು ತೆಗೆದುಕೊಳ್ಳುವ ಜಾಗ. ಅಲ್ಲಿ ಪುದಿಯಾಪ್ಳೆಯ ಹೆಸರು ಸೇರಿಸಲಿಕ್ಕುಂಟು. ಅದನ್ನು ಖಾಲಿ ಬಿಡು.” ಆಮೇಲೆ ದಫ್ ಇನ್ನೂ ಸ್ವಲ್ಪ ಜೋರಾಗಿರಲಿ ಎಂದರು.

ಅವನು ಖಾಲಿ ಬಿಟ್ಟು ಮತ್ತೆ ಮಾಡುತ್ತಿದ್ದಾನೆ. ಮೊನ್ನೆ ಉಮ್ಮ ತಾವಾಗಿಯೇ ಇನ್ನೊಂದು ಪಾಟ್ ನೆನಪಾಯಿತು ಎಂದು ಅವನನ್ನು ಕರೆಸಿದರು. ನಾಲ್ಕು ಸಾಲು ಹಾಡಿ ನಿಲ್ಲಿಸಿದರು. ಮುಂದಿನದ್ದು ಅವರ ಅಕ್ಕನಿಗೆ ಗೊತ್ತಿತ್ತು. ಆ ಮೂತುಮ್ಮ ತೀರಿಕೊಂಡು ಮೂರು ವರ್ಷವಾಯಿತು.