ಹೊರನಾಡಿನ ಕನ್ನಡ ವಿಭಾಗಗಳೂ ಲಿನಕ್ಸ್ ಗಣಕವೂ

ಹೊರನಾಡಿನ ಕನ್ನಡ ವಿಭಾಗಗಳ ಕಷ್ಟಸುಖಗಳನ್ನು ಕುರಿತು ಬರೆಯುವವರು ಸಾಮಾನ್ಯವಾಗಿ ವಿದ್ಯಾರ್ಥಿಗಳ ಸಂಖ್ಯೆ, ಖಾಲಿ ಬಿದ್ದ ಹುದ್ದೆಗಳು, ಗ್ರಂಥಾಲಯದ ಅನುದಾನ ಇವುಗಳನ್ನು ಪ್ರಸ್ತಾಪಿಸುತ್ತಾರೆ. ವಿಭಾಗದ ಮೂಲೆಯಲ್ಲಿ ಕುಳಿತಿರುವ ಗಣಕಯಂತ್ರದ ವಿಚಾರ ಚರ್ಚೆಗೆ ಬರುವುದು ವಿರಳ. ಬೆಂಗಳೂರಿನಲ್ಲೋ ಧಾರವಾಡದಲ್ಲೋ ಗಣಕ ಕೆಟ್ಟರೆ ಕನ್ನಡ ಬಲ್ಲ ತಂತ್ರಜ್ಞ ಪಕ್ಕದ ಬೀದಿಯಲ್ಲೇ ದೊರಕುತ್ತಾನೆ. ಮುಂಬಯಿ, ಪುಣೆ, ದೆಹಲಿಗಳಲ್ಲಿ ದುರಸ್ತಿಗೆ ಬರುವವನು ತನ್ನ ಕೆಲಸದಲ್ಲಿ ಎಷ್ಟೇ ನಿಷ್ಣಾತನಾಗಿದ್ದರೂ ಪರದೆಯ ಮೇಲಿನ ಒತ್ತಕ್ಷರ ಸರಿಯಾಗಿ ಮೂಡಿದೆಯೇ ಇಲ್ಲವೇ ಎಂಬುದನ್ನು ಹೇಳಲಾರ. ಆತನ ದೃಷ್ಟಿಯಲ್ಲಿ ಗಣಕ ಚಾಲೂ ಆಯಿತೆಂದರೆ ದುರಸ್ತಿ ಮುಗಿಯಿತು. ನಮ್ಮ ಕೆಲಸ ಆಗ ತಾನೇ ಆರಂಭವಾಗುತ್ತದೆ.

ಈ ಮಾತನ್ನು ಈಗ ಎತ್ತಲು ಕಾರಣವಿದೆ. ವಿಂಡೋಸ್ 10ಕ್ಕೆ ದೊರೆಯುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಮುಂದಿನ ಆವೃತ್ತಿಯು ಕೇಳುವ ಭದ್ರತಾ ಚಿಪ್ ಮತ್ತು ಹೊಸ ಪ್ರೊಸೆಸರ್ ಹಳೆಯ ಯಂತ್ರಗಳಲ್ಲಿ ಇಲ್ಲ. ಹೀಗಾಗಿ ಇನ್ನೂ ಗಟ್ಟಿಮುಟ್ಟಾಗಿರುವ ಅನೇಕ ಗಣಕಗಳು ಗುಜರಿಯ ದಾರಿ ಹಿಡಿಯುತ್ತಿವೆ. ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಲಿನಕ್ಸ್ ಇಂಥ ಯಂತ್ರಗಳಲ್ಲಿ ಇನ್ನೂ ಹಲವು ವರ್ಷ ನೆಮ್ಮದಿಯಾಗಿ ನಡೆಯಬಲ್ಲದು. ಡೆಬಿಯನ್, ಉಬುಂಟು ಮೊದಲಾದ ವಿತರಣೆಗಳನ್ನು ಒಂದು ಪೆನ್‌ಡ್ರೈವಿನಿಂದ ನಡೆಸಿ, ಪರದೆ, ಮುದ್ರಣಯಂತ್ರ, ಜಾಲಸಂಪರ್ಕ ಎಲ್ಲವನ್ನೂ ಪರೀಕ್ಷಿಸಿ ನೋಡಿದ ಮೇಲೆಯೇ ಅಳವಡಿಸಿಕೊಳ್ಳುವ ಸೌಲಭ್ಯವೂ ಇದೆ. ಆದರೆ ಹಣದ ಉಳಿತಾಯಕ್ಕಾಗಿ ನಾನು ಇದನ್ನು ಸೂಚಿಸುತ್ತಿಲ್ಲ.

‘ನಾವು ಸಾಹಿತ್ಯದವರು, ಇದು ನಮ್ಮ ಕೆಲಸವಲ್ಲ’ ಎಂಬ ಆಕ್ಷೇಪ ಬರುವುದು ಖಚಿತ. ನನ್ನ ಅಭಿಪ್ರಾಯದಲ್ಲಿ ಇದು ನಮ್ಮದೇ ಕೆಲಸ. ಡಿ. ಎಲ್. ನರಸಿಂಹಾಚಾರ್ ಅವರ ‘ಕನ್ನಡ ಗ್ರಂಥಸಂಪಾದನೆ’ಯನ್ನು ಅಭ್ಯಾಸ ಮಾಡಿದ ವಿದ್ಯಾರ್ಥಿಗೆ ದೋಷಪರಿಶೋಧನೆಯ ಕ್ರಮವನ್ನು ಹೊಸದಾಗಿ ಕಲಿಸಬೇಕಾಗಿಲ್ಲ. ಸಂಪಾದಕನಾದವನು ಅಪಪಾಠವನ್ನು ಕಂಡ ಕೂಡಲೇ ತಿದ್ದುವುದಿಲ್ಲ. ಲಿಪಿಕಾರನ ಕೈ ಎಲ್ಲಿ ಜಾರಿತು, ಯಾವ ಅಕ್ಷರಕ್ಕೆ ಯಾವುದು ಭ್ರಮೆಯಾಯಿತು ಎಂದು ಮೊದಲು ವಿಚಾರಿಸುತ್ತಾನೆ. ಗಣಕದಲ್ಲಿ ಕನ್ನಡ ಕೆಟ್ಟಾಗಲೂ ಕೇಳಬೇಕಾದದ್ದು ಇದನ್ನೇ.

ಪರದೆಯ ಮೇಲೆ ಒಂದು ಕನ್ನಡ ಪದ ಮೂಡಬೇಕಾದರೆ ಮೂರು ಬೇರೆ ಬೇರೆ ವ್ಯವಸ್ಥೆಗಳು ಕೂಡಿ ದುಡಿಯಬೇಕು. ಕೀಲಿಯನ್ನು ಒತ್ತಿದಾಗ ಅದನ್ನು ಅಕ್ಷರಸಂಕೇತವಾಗಿಸುವುದು ಒಂದು. ಸಂಕೇತಗಳ ಸಾಲನ್ನು ಗುಣಿತಾಕ್ಷರ, ಒತ್ತಕ್ಷರಗಳಾಗಿ ಜೋಡಿಸುವುದು ಇನ್ನೊಂದು. ಅಕ್ಷರದ ಆಕೃತಿಯನ್ನು ಒದಗಿಸುವ ಫಾಂಟ್ ಮೂರನೆಯದು. ಅಕ್ಷರದ ಬದಲು ಖಾಲಿ ಚೌಕ ಕಂಡರೆ ದೋಷ ಫಾಂಟಿನದು. ಲೋಹಿತ್, ಗುಬ್ಬಿ, ನವಿಲು, ನೋಟೋ ಇವುಗಳಲ್ಲಿ ಒಂದನ್ನು ಅಳವಡಿಸಿದರೆ ಅದು ನೀಗುತ್ತದೆ. ಅಕ್ಷರಗಳು ಕಂಡರೂ ಒತ್ತು ಕೂಡದೆ, ಹಲಂತದ ಗುರುತು ಬಿಡಿಬಿಡಿಯಾಗಿ ನಿಂತಿದ್ದರೆ ಜೋಡಣೆಯಲ್ಲಿ ತೊಡಕಿದೆ. ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶ ಆ ಕೆಲಸವನ್ನು ಮಾಡುತ್ತದೆ; ಲಿಬ್ರೆ ಆಫೀಸ್ 2017ರ 5.3ನೆಯ ಆವೃತ್ತಿಯಿಂದ ಎಲ್ಲ ವೇದಿಕೆಗಳಲ್ಲೂ ಇದನ್ನೇ ನೆಚ್ಚಿಕೊಂಡಿದೆ. ಅಂದಹಾಗೆ, ಲಿಬ್ರೆ ಆಫೀಸಿನಲ್ಲಿ ಭಾರತೀಯ ಲಿಪಿಗಳ ಫಾಂಟನ್ನು ರೋಮನ್ ಲಿಪಿಯ ಫಾಂಟಿನಿಂದ ಪ್ರತ್ಯೇಕವಾಗಿ ನಿಗದಿಪಡಿಸಬೇಕು. ಈ ಒಂದು ಸಂಗತಿ ತಿಳಿಯದೆ ‘ಫಾಂಟ್ ಬದಲಾಯಿಸಿದರೂ ಬದಲಾಗುವುದಿಲ್ಲ’ ಎಂದು ಲಿನಕ್ಸನ್ನೇ ಹಳಿಯುವವರುಂಟು.

ಕೀಲಿಮಣೆಯ ವಿಷಯದಲ್ಲಿ ಹೊರನಾಡಿನವರು ಹೆಮ್ಮೆಪಡುವಂಥದ್ದೊಂದಿದೆ. ನುಡಿ ತಂತ್ರಾಂಶದ ಮೂಲಕ ಮನೆಮಾತಾದ ಕೀಲಿಮಣೆ ವಿನ್ಯಾಸವನ್ನು ರೂಪಿಸಿದ ಕೆ. ಪಿ. ರಾವ್ ಅವರು ಮುಂಬಯಿಯ ಟಾಟಾ ಪ್ರೆಸ್ಸಿನಲ್ಲಿ ದುಡಿದವರು. ಆ ವಿನ್ಯಾಸ ಲಿನಕ್ಸಿನ ಪಟ್ಟಿಯಲ್ಲಿ ಕನ್ನಡ ಗಣಕ ಪರಿಷತ್ತಿನ ಹೆಸರನ್ನು ಸಂಕ್ಷೇಪಿಸಿ ‘ಕಗಪ’ ಎಂದು ಸೇರಿದೆ. ಐಬಸ್ ಎಂಬ ಲೇಖನವ್ಯವಸ್ಥೆಗೆ ಕನ್ನಡವನ್ನು ಸೇರಿಸಿದ ಮೇಲೆ ಒಮ್ಮೆ ಲಾಗ್‌ಔಟ್ ಮಾಡಿ ಮತ್ತೆ ಪ್ರವೇಶಿಸಬೇಕು. ಅಷ್ಟನ್ನು ಮಾಡದೆ ‘ಬರಲಿಲ್ಲ’ ಎಂದು ಕೈಬಿಡುವುದೇ ಹೆಚ್ಚು. ಒಂದು ತಂತ್ರಾಂಶದಲ್ಲಿ ಕನ್ನಡ ಬಂದು ಇನ್ನೊಂದರಲ್ಲಿ ಬಾರದಿದ್ದರೆ ಐಬಸ್ ಕೆಟ್ಟಿಲ್ಲವೆಂದೇ ತಿಳಿಯಬೇಕು. ಆ ಎರಡನೆಯ ತಂತ್ರಾಂಶಕ್ಕೆ ಐಬಸ್‌ನ ಇರವನ್ನು ತಿಳಿಸುವ ಪರಿಸರಸೂಚನೆ ತಲುಪಿಲ್ಲ, ಅಷ್ಟೆ.

ನಿಜವಾದ ಗಂಡಾಂತರವಿರುವುದು ನಮ್ಮ ಹಳೆಯ ಕಡತಗಳಲ್ಲಿ. ತೊಂಬತ್ತರ ದಶಕದಿಂದ ಈಚೆಗೆ ವಿಭಾಗಗಳಲ್ಲಿ ಸಿದ್ಧವಾದ ಪ್ರಬಂಧಗಳು, ಸಂಭಾವನಾ ಗ್ರಂಥಗಳು, ಕ್ಷೇತ್ರಕಾರ್ಯದ ಟಿಪ್ಪಣಿಗಳು ಬಹುಪಾಲು ಯುನಿಕೋಡ್‌ಪೂರ್ವದ ಫಾಂಟುಗಳಲ್ಲಿವೆ. ಅವುಗಳಲ್ಲಿ ಕನ್ನಡದ ಆಕೃತಿಗಳು ರೋಮನ್ ಅಕ್ಷರಗಳ ಸ್ಥಾನದಲ್ಲಿ ವೇಷ ಹಾಕಿ ಕುಳಿತಿವೆ. ಆ ಫಾಂಟ್ ಇಲ್ಲದ ಗಣಕದಲ್ಲಿ ಹಳೆಯ ನುಡಿಯ ಕಡತವನ್ನು ತೆರೆದರೆ ‘ನ’ಕಾರವಿರಬೇಕಾದಲ್ಲಿ ಬ್ರಿಟಿಷ್ ಪೌಂಡಿನ ಚಿಹ್ನೆ ಕಾಣುತ್ತದೆ! ಲಿನಕ್ಸಿಗೆ ಬಂದವರು ಇದನ್ನು ಕಂಡು ಹೌಹಾರುವುದು ಸಹಜ. ಫಾಂಟನ್ನು ತಂದು ಹಾಕಿದರೆ ಕಡತ ಕಣ್ಣಿಗೆ ಸರಿಯಾಗುತ್ತದೆ, ಆದರೆ ಅದರೊಳಗೆ ಒಂದು ಪದವನ್ನು ಹುಡುಕಲು, ಅಕಾರಾದಿಯಾಗಿ ಜೋಡಿಸಲು ಬಾರದು. ಯುನಿಕೋಡಿಗೆ ಪರಿವರ್ತಿಸಲೇಬೇಕು.

ಪರಿವರ್ತಕ ತಂತ್ರಾಂಶಗಳಿವೆ, ಆದರೆ ಅವು ನಿರ್ದುಷ್ಟವಲ್ಲ. ‘ವರ್ಣ’ ಎಂಬ ಪದವನ್ನು ನೋಡಿ. ಹಳೆಯ ಕಡತದಲ್ಲಿ ಅದು ಕಣ್ಣಿಗೆ ಕಂಡ ಕ್ರಮದಲ್ಲಿ ವಕಾರ, ಣಕಾರ, ಆಮೇಲೆ ಅರ್ಕಾವತ್ತು ಎಂದು ಸಂಗ್ರಹವಾಗಿದೆ. ಯುನಿಕೋಡು ಉಚ್ಚಾರಣೆಯ ಕ್ರಮವನ್ನು ಅನುಸರಿಸುವುದರಿಂದ ರೇಫ ಣಕಾರಕ್ಕಿಂತ ಮೊದಲು ಬರಬೇಕು. ಒತ್ತಕ್ಷರದ ಮೇಲೆ ಗುಣಿತವೂ ಅರ್ಕಾವತ್ತೂ ಸೇರಿದಲ್ಲಿ ಪರಿವರ್ತಕ ತಪ್ಪುವ ಸಂಭವ ಹೆಚ್ಚು. ಪ್ರಬಂಧದ ನಡುವೆ ಇರುವ ಇಂಗ್ಲಿಷ್ ಉದ್ಧರಣೆಗಳ ಗತಿಯಂತೂ ಇನ್ನೂ ಶೋಚನೀಯ: ಬರಿಯ ಪಠ್ಯವಾಗಿ ಪರಿವರ್ತಿಸಿದಾಗ ಅವೂ ಕನ್ನಡವೆಂದೇ ಎಣಿಕೆಯಾಗಿ ಅರ್ಥಹೀನ ಅಕ್ಷರಗಳ ರಾಶಿಯಾಗುತ್ತವೆ. ಇದನ್ನು ಗುರುತಿಸಿ ತಿದ್ದಬಲ್ಲವರು ಕನ್ನಡ ಬಲ್ಲವರು ಮಾತ್ರ. ಯಾವ ಗಣಕಕೇಂದ್ರಕ್ಕೆ ಒಪ್ಪಿಸಿದರೂ ಈ ಭಾರ ನಮ್ಮನ್ನು ಬಿಡದು.

ಹಳಗನ್ನಡದ ಅಭ್ಯಾಸಿಗಳಿಗೆ ಒಂದು ವಿನೋದದ ಸಂಗತಿ. ಯುನಿಕೋಡಿನಲ್ಲಿ ‘ೞ’ ಅಕ್ಷರಕ್ಕೆ ಕೊಟ್ಟ ಅಧಿಕೃತ ಹೆಸರು ‘ಫ’ ಎಂದು! ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮವಿರುವುದರಿಂದ ಆ ತಪ್ಪು ಹಾಗೆಯೇ ಉಳಿದು, ಸರಿಯಾದ ಹೆಸರನ್ನು ಪರ್ಯಾಯವಾಗಿ ಸೇರಿಸಬೇಕಾಯಿತು. ಹಳಗನ್ನಡ ಬಲ್ಲವರ ಕಣ್ಣಿಗೆ ಆ ಪಟ್ಟಿ ಸಕಾಲದಲ್ಲಿ ಬಿದ್ದಿದ್ದರೆ ಹೀಗಾಗುತ್ತಿತ್ತೆ? ನಕಾರಪೊಲ್ಲು ಯುನಿಕೋಡನ್ನು ಸೇರಿದ್ದು 2021ರಲ್ಲಿ, 14ನೆಯ ಆವೃತ್ತಿಯಲ್ಲಿ. ಶಾಸನಪಾಠವನ್ನು ಸಿದ್ಧಪಡಿಸುವಾಗ ಅಲ್ಲಿ ಚೌಕ ಕಾಣಿಸಿದರೆ ಅದಕ್ಕಿಂತ ಹಳೆಯ ಫಾಂಟ್ ಬಳಕೆಯಲ್ಲಿದೆಯೆಂದು ತಿಳಿದುಕೊಳ್ಳಬಹುದು.

ಇತರ ತೊಡಕುಗಳನ್ನು ವಿಸ್ತರಿಸುವ ಅಗತ್ಯವಿಲ್ಲ. ತಂತ್ರಾಂಶವನ್ನು ಅಳವಡಿಸುವಾಗ ‘ಬೀಗ ದೊರೆಯಲಿಲ್ಲ’ ಎಂಬ ಸೂಚನೆ ಬಂದರೆ ಹಿನ್ನೆಲೆಯಲ್ಲಿ ಇನ್ನೊಂದು ನವೀಕರಣ ನಡೆಯುತ್ತಿರುವುದು ಸಾಮಾನ್ಯ. ಕಾಯಬೇಕು, ಬೀಗದ ಕಡತವನ್ನು ಅಳಿಸಬಾರದು. ಪುಟದ ಚಿತ್ರದಿಂದ ಅಕ್ಷರಗಳನ್ನು ಓದುವ ಟೆಸರಾಕ್ಟ್ ಕನ್ನಡ ಪುಟಕ್ಕೆ ರೋಮನ್ ಅಕ್ಷರಗಳ ಕಸವನ್ನು ಕೊಟ್ಟರೆ ಕನ್ನಡದ ದತ್ತಾಂಶವನ್ನು ಬೇರೆಯಾಗಿ ಅಳವಡಿಸಿ, ಭಾಷೆ ಯಾವುದೆಂದು ಅದಕ್ಕೆ ತಿಳಿಸಬೇಕು, ಏಕೆಂದರೆ ಹೇಳದಿದ್ದರೆ ಅದು ಇಂಗ್ಲಿಷೆಂದೇ ಭಾವಿಸುತ್ತದೆ. ದೋಷಸೂಚನೆಯನ್ನು ಓದದೆ ಮುಚ್ಚುವ ಚಾಳಿಯನ್ನು ಮಾತ್ರ ಬಿಡಬೇಕು. ಒಂದು ಬಾರಿಗೆ ಒಂದೇ ಬದಲಾವಣೆ ಮಾಡಿ, ಮಾಡಿದ್ದನ್ನು ದಿನಾಂಕಸಹಿತ ಒಂದು ಪುಸ್ತಕದಲ್ಲಿ ಬರೆದಿಟ್ಟರೆ ಮುಂದಿನ ವರ್ಷದ ವಿದ್ಯಾರ್ಥಿಗೂ ಅದು ದಾರಿಯಾಗುತ್ತದೆ.

ಹಳೆಯ ಫಾಂಟಿನಲ್ಲೇ ಕಡತ ಬೇಕೆಂದು ಹಠ ಹಿಡಿಯುವ ಮುದ್ರಣಾಲಯಗಳು ಇನ್ನೂ ಇವೆ. ಅದಕ್ಕಾಗಿ ಒಂದು ಹಳೆಯ ಯಂತ್ರವನ್ನು ಜಾಲಸಂಪರ್ಕವಿಲ್ಲದೆ ಹಾಗೆಯೇ ಉಳಿಸಿಕೊಳ್ಳುವುದರಲ್ಲಿ ತಪ್ಪಿಲ್ಲ. ಉಳಿದವುಗಳಿಗೆ ಲಿನಕ್ಸ್ ಬರಲಿ. ಎಂ.ಎ. ತರಗತಿಯ ಗ್ರಂಥಸಂಪಾದನೆಯ ಪತ್ರಿಕೆಗೆ ವಿಭಾಗದ ಒಂದು ಹಳೆಯ ಪ್ರಬಂಧವನ್ನು ಯುನಿಕೋಡಿಗೆ ತಂದು, ಮುದ್ರಿತ ಪ್ರತಿಯೊಡನೆ ಹೋಲಿಸಿ, ಪರಿವರ್ತಕ ಮಾಡಿದ ತಪ್ಪುಗಳ ಪಟ್ಟಿಯನ್ನು ಒಪ್ಪಿಸುವ ಪ್ರಾಯೋಗಿಕ ಕೆಲಸವೊಂದನ್ನು ಸೇರಿಸಬಹುದು. ಅದಕ್ಕೂ ಮೊದಲು ಕಪಾಟಿನಲ್ಲಿರುವ ಫ್ಲಾಪಿಗಳನ್ನೂ ಸೀಡಿಗಳನ್ನೂ ಓದಬಲ್ಲ ಯಂತ್ರ ಕ್ಯಾಂಪಸ್ಸಿನಲ್ಲಿ ಎಲ್ಲಾದರೂ ಉಳಿದಿದೆಯೇ ಎಂದು ವಿಚಾರಿಸಿ, ಅವುಗಳಲ್ಲಿರುವುದನ್ನು ಮೂಲ ಫಾಂಟ್ ಕಡತಗಳ ಸಹಿತ ನಕಲು ಮಾಡಿಕೊಳ್ಳಬೇಕು. ಇದನ್ನು ಈ ಶೈಕ್ಷಣಿಕ ವರ್ಷದಲ್ಲೇ ಮಾಡಬೇಕು.