ಬೆತ್ತ ಬಿಟ್ಟರೆ ಮಕ್ಕಳು ಹಾಳಾಗುತ್ತಾರೆಯೇ?

‘ಮೇಷ್ಟ್ರ ಕೈಯಿಂದ ಬೆತ್ತ ಹೋಯಿತು, ಮಕ್ಕಳ ಕೈಯಿಂದ ಶಿಸ್ತು ಹೋಯಿತು.’ ರಾಜಾಜಿನಗರವಿರಲಿ, ಕೆಂಗೇರಿಯಿರಲಿ, ಪೋಷಕರ ವಾಟ್ಸಾಪ್ ಗ್ರೂಪ್‌ಗಳಿಗೆ ಇಂಥ ಮಾತು ಹೊಸದಲ್ಲ. ನಿಜವೇನು ನೋಡೋಣ.

ಮೊದಲು ಕಾನೂನು. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ‘ನಾಲ್ಕು ಬಿಡಿ ಮಿಸ್’ ಎಂದು ಪೋಷಕರೇ ಹೇಳಿದರೂ ಹೊಡೆಯುವಂತಿಲ್ಲ.

ಏಟು ಬಿದ್ದಾಗ ತರಗತಿ ಸುಮ್ಮನಾಗುತ್ತದೆ, ನಿಜ. ಆದರೆ ಹೆದರಿದ ಮಗು ಪಾಠ ಅರ್ಥವಾಗದಿದ್ದರೂ ಕೇಳುವುದಿಲ್ಲ. ನಷ್ಟ ಆಗುವುದು ಅಲ್ಲೇ.

ಹಾಗಾದರೆ ಗಲಾಟೆ ನಿಭಾಯಿಸುವುದು ಹೇಗೆ? ಉದಾಹರಣೆ ನಮ್ಮಲ್ಲೇ ಇದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ‘ನಲಿ-ಕಲಿ’ 2009-10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆ ಬಂತು. ಇದರಲ್ಲಿ ಮಕ್ಕಳು ಗುಂಪಾಗಿ ಕೂತು, ಕಾರ್ಡುಗಳ ಮೂಲಕ ತಮ್ಮ ವೇಗದಲ್ಲಿ ಕಲಿಯುತ್ತಾರೆ. ಕೈಯಲ್ಲಿ ಕೆಲಸವಿರುವ ಮಗುವಿಗೆ ಗಲಾಟೆಗೆ ಪುರುಸೊತ್ತು ಕಡಿಮೆ.

ಬೆತ್ತ ಬೇಡವೆಂದರೆ ಶಿಸ್ತು ಬೇಡ ಎಂದಲ್ಲ. ಮಕ್ಕಳೊಂದಿಗೆ ಸೇರಿ ಮಾಡಿದ ನಾಲ್ಕೈದು ನಿಯಮ, ಎಲ್ಲರಿಗೂ ಒಂದೇ ಅಳತೆ, ತಪ್ಪನ್ನು ಪಕ್ಕಕ್ಕೆ ಕರೆದು ಹೇಳುವ ರೂಢಿ: ಇಷ್ಟರಿಂದ ಆರಂಭಿಸಬಹುದು. ಮುಂದಿನ ಸಲ ಬೆತ್ತದ ಸಂದೇಶ ಬಂದರೆ, ಫಾರ್ವರ್ಡ್ ಒತ್ತುವ ಮುನ್ನ ಇದನ್ನು ನೆನೆಯಿರಿ.