ಹೊಟ್ಟೆನೋವೆಂದ ಮಗುವಿಗೆ ಬೆಂಚೇ ಗತಿಯೇ?

ನಿಮಗೆ ಗೊತ್ತು. ಊರಿನ ಸರ್ಕಾರಿ ಶಾಲೆಯಲ್ಲಿ ಹುಡುಗಿಯೊಬ್ಬಳು ಹೊಟ್ಟೆ ಹಿಡಿದುಕೊಂಡು ಎದ್ದುನಿಂತರೆ ಮುಂದೇನಾಗುತ್ತದೆಂದು ನಿಮಗೆ ಚೆನ್ನಾಗಿ ಗೊತ್ತು. ಸ್ಟಾಫ್ ರೂಮಿನ ಬೆಂಚಿನ ಮೇಲೆ ಮಲಗಿಸುತ್ತಾರೆ, ನೀರು ಕುಡಿಸುತ್ತಾರೆ, ಕೂಲಿಗೆ ಹೋದ ಅಪ್ಪನಿಗೆ ಟೀಚರು ಮತ್ತೆ ಮತ್ತೆ ಫೋನ್ ಮಾಡುತ್ತಾರೆ, ಅವನು ಎತ್ತುವುದಿಲ್ಲ, ಸಂಜೆಯ ಗಂಟೆ ಹೊಡೆಯುವವರೆಗೂ ಅವಳು ಮುದುಡಿಕೊಂಡೇ ಇರುತ್ತಾಳೆ. ಹೆಡ್‌ಮಾಸ್ತರ ಬೀರುವಿನಲ್ಲಿ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯೇನೋ ಇದೆ. ಒಳಗಿರುವುದು ಒಣಗಿದ ಟಿಂಚರು, ಹಳದಿಗಟ್ಟಿದ ಹತ್ತಿ, ಅವಧಿ ಮುಗಿದ ಮುಲಾಮು.

ಟೀಚರನ್ನು ದೂರಬೇಡಿ. ಪಾಠ, ಬಿಸಿಯೂಟ, ಹಾಲು, ಮೊಟ್ಟೆಯ ಲೆಕ್ಕ, ವಾರಕ್ಕೊಂದು ಕಬ್ಬಿಣಾಂಶದ ಮಾತ್ರೆ, ಜಂತುಹುಳದ ಮಾತ್ರೆ, ಎಲ್ಲವೂ ಅವರ ತಲೆಗೇ. 2020ರಲ್ಲಿ ಬಂದ ಶಾಲಾ ಆರೋಗ್ಯ ಕಾರ್ಯಕ್ರಮವೂ ಶಾಲೆಗೆ ಇಬ್ಬರು ಶಿಕ್ಷಕರನ್ನೇ ಆರೋಗ್ಯ ರಾಯಭಾರಿಗಳೆಂದು ಕರೆಯಿತು. ಬಿರುದು ಬಂತು, ನರ್ಸ್ ಬರಲಿಲ್ಲ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ 2013ರಿಂದ ಇದೆ, ಅದು ಮಾಡುವುದು ಪುಣ್ಯದ ಕೆಲಸವೇ; ಆದರೆ ಶಾಲೆಗೆ ಅದರ ಭೇಟಿ ವರ್ಷಕ್ಕೊಮ್ಮೆ. ಜ್ವರ ಆ ದಿನ ನೋಡಿಕೊಂಡು ಬರುತ್ತದೆಯೇ? 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ತಿರುವಿ ನೋಡಿ: ಕೊಠಡಿ, ಶೌಚಾಲಯ, ಕುಡಿಯುವ ನೀರು, ಅಡುಗೆಮನೆ, ಮೈದಾನ, ಕಾಂಪೌಂಡ್ ಎಲ್ಲವೂ ಇವೆ. ನರ್ಸ್ ಇಲ್ಲ, ಕಾಯಿಲೆಯ ಮಗು ಮಲಗಲು ಕೋಣೆಯೂ ಇಲ್ಲ.

ನಿಮ್ಮ ಮಗುವನ್ನು ದುಬಾರಿ ಶಾಲೆಗೆ ಸೇರಿಸುವಾಗ 'ಸಿಕ್ ರೂಮ್ ಎಲ್ಲಿದೆ?' ಎಂದು ಕೇಳಿದವರು ನೀವು. ತಪ್ಪಲ್ಲ, ಹೆತ್ತ ಕರುಳು ಕೇಳಬೇಕಾದದ್ದೇ. ಆದರೆ ಬೋರ್ಡು ಕಾಣದೆ ಪಕ್ಕದವನ ಪುಸ್ತಕ ನೋಡಿ ಬರೆದು ದಡ್ಡನೆನಿಸಿಕೊಂಡ ಹುಡುಗ ಕೇಳುವುದಿಲ್ಲ. ಲಂಗಕ್ಕೆ ಕಲೆಯಾದ ದಿನ ಬ್ಯಾಗನ್ನು ಹಿಂದೆ ಹಿಡಿದುಕೊಂಡು ಮನೆಗೆ ಹೋಗಿ, ಆಮೇಲೆ ಪ್ರತಿ ತಿಂಗಳೂ ಅಷ್ಟು ದಿನ ತಪ್ಪಿಸಿಕೊಳ್ಳುವ ಹುಡುಗಿ ಕೇಳುವುದಿಲ್ಲ. ಫಿಟ್ಸ್ ಬಂದು ಬಿದ್ದಾಗ, ಉಸಿರು ಕಟ್ಟದಂತೆ ಮಗ್ಗುಲಿಗೆ ಹೊರಳಿಸುವವರಿಲ್ಲದೆ, ಕೈಗೆ ಬೀಗದ ಕೈ ತುರುಕಿಸಿಕೊಂಡ ಮಗುವಂತೂ ಕೇಳಲಾರದು. ಅವರು ಕೇಳುವುದಿಲ್ಲ, ಅವರಿಗಾಗಿ ನೀವು ಕೇಳಬೇಕು.

ಪ್ರತಿ ಶಾಲೆಗೂ ನಾಳೆಯೇ ನರ್ಸ್ ಬರುತ್ತಾರೆಂದು ನಾನು ನಂಬಿಲ್ಲ. ಅಕ್ಕಪಕ್ಕದ ಕೆಲವು ಶಾಲೆಗಳಿಗೆ ಸೇರಿ ಒಬ್ಬರಾದರೂ ಬರಲಿ. ಅಲ್ಲಿಯವರೆಗೆ, ನರ್ಸಿಂಗ್ ಓದಿದ ಸಮುದಾಯ ಆರೋಗ್ಯಾಧಿಕಾರಿ ಇರುವ ಉಪಕೇಂದ್ರ ಹತ್ತಿರವಿದ್ದರೆ ಅವರು ವಾರಕ್ಕೊಂದು ದಿನ ಶಾಲೆಗೆ ಬರಲಿ. ಖಾಲಿ ಕೊಠಡಿಯಲ್ಲಿ ಒಂದು ಮಂಚ, ಒಂದು ಥರ್ಮಾಮೀಟರ್, ಕಣ್ಣಿನ ಪರೀಕ್ಷೆಯ ಒಂದು ಚಾರ್ಟ್ ಇರಲಿ. ಇದು ಕೈಮೀರಿದ ಖರ್ಚಲ್ಲ. ನೀವು ಕಲ್ಲುಮನಸ್ಸಿನವರಲ್ಲ, ಬಲ್ಲೆ. ಜಾತ್ರೆಗೆ, ತೇರಿಗೆ, ದೇವಸ್ಥಾನದ ಗೋಪುರಕ್ಕೆ ಕೇಳುವ ಮೊದಲೇ ಕೊಟ್ಟವರು. ನಿಮ್ಮ ಮಗು ಆ ಶಾಲೆಯಲ್ಲಿ ಓದದಿದ್ದರೂ ಸರಿ, ಮುಂದಿನ ಗ್ರಾಮಸಭೆಗೆ ಹೋಗಿ, ಎದ್ದುನಿಂತು ಇದನ್ನು ಕೇಳಿ, ನಡಾವಳಿ ಪುಸ್ತಕದಲ್ಲಿ ಬರೆಸಿ, ಕೆಳಗೆ ನಿಮ್ಮ ಸಹಿ ಹಾಕಿಯೇ ಬನ್ನಿ.